ಹೈಡ್ರಾಲಿಕ್ ಮೋಟರಿನ ‘ಸಿಸಿ’ ಬೈಕಿನ ಸಿಸಿ ಅಲ್ಲ

“ಅಣ್ಣಾರ, ದೊಡ್ಡ ಸಿಸಿದು ಒಯ್ರಿ, ಜೋರ್ ತಿರಗ್ತದ.” ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ಪಡಕ್ಕೆ ಕಂಬದ ತಗ್ಗು ತೋಡುವ ಆಗರ್‌ಗೆ (ತಿರುಪಿನಂಥ ಬೈರಿಗೆಗೆ) ಎಣ್ಣೆಯ ಒತ್ತಡದಿಂದ ತಿರುಗುವ ಹೈಡ್ರಾಲಿಕ್ ಮೋಟರ್ ಕೇಳಿದವರಿಗೆ ಸಿಗುವ ಸಲಹೆ ಇದು. ಪೂರ್ತಿ ತಲೆಕೆಳಗು.

ಬೈಕಿನಲ್ಲಿ ಸಿಸಿ ಅಂದರೆ ಸಿಲಿಂಡರಿನ ಗಾತ್ರ. ಹೈಡ್ರಾಲಿಕ್ ಮೋಟರಿನಲ್ಲಿ ಅದು ಶಾಫ್ಟ್ ಒಂದು ಸುತ್ತು ಬರಲು ಕುಡಿಯುವ ಎಣ್ಣೆಯ ಅಳತೆ. 400 ಸಿಸಿ ಮೋಟರ್ ಒಂದು ಸುತ್ತಿಗೆ ನುಂಗುವುದು 400 ಎಂ.ಎಲ್.; ಅರ್ಧ ಲೀಟರ್ ಬಾಟಲಿಯಲ್ಲಿ ನಾಲ್ಕು ಗುಟುಕು ಕುಡಿದ ಮೇಲೆ ಉಳಿಯುವಷ್ಟು. ಪಂಪು ನಿಮಿಷಕ್ಕೆ 40 ಲೀಟರ್ ತಳ್ಳಿದರೆ ಆ ಮೋಟರ್ ನಿಮಿಷಕ್ಕೆ 100 ಸುತ್ತು ತಿರುಗುತ್ತದೆ. ಅದೇ ಎಣ್ಣೆಗೆ 200 ಸಿಸಿಯದು 200 ಸುತ್ತು. ಸಿಸಿ ಹೆಚ್ಚಾದಷ್ಟೂ ಓಟ ನಿಧಾನ. ಹೆಚ್ಚುವುದು ತಿರುಚುವ ಬಲ, ಅಂದರೆ ಟಾರ್ಕ್. ಸಿಸಿಯನ್ನು ಒತ್ತಡದ ಬಾರ್‌ನಿಂದ ಗುಣಿಸಿ 62.8ರಿಂದ ಭಾಗಿಸಿ: 150 ಬಾರ್‌ಗೆ 200 ಸಿಸಿ ಸುಮಾರು 478 ನ್ಯೂಟನ್ ಮೀಟರ್, 400 ಸಿಸಿ 955. ತಿಕ್ಕಾಟದಲ್ಲಿ ಒಂದು ಪಾಲು ಹೋಗುತ್ತದೆ, ಅದನ್ನು ಕಳೆದೇ ಲೆಕ್ಕ ಹಿಡಿಯಬೇಕು.

ಎರಿ ನೆಲದ ಹಸಿ ಮಣ್ಣು ನಿಧಾನ ತಿರುಗುವ ಆಗರ್‌ಗೆ ಅಂಟಿಕೊಂಡೇ ಮೇಲೆ ಬರುತ್ತದೆ. ಅದನ್ನು ಉದುರಿಸಲು ಓಟ ಬೇಕು. ಕೆಳಗೆ ಗರಸು (ಕಲ್ಲುಮಿಶ್ರ ಗಟ್ಟಿ ಮಣ್ಣು) ಸಿಕ್ಕರೆ ಟಾರ್ಕ್ ಬೇಕು. ಎರಡೂ ಬೇಕೆಂದರೆ ಪಂಪು ದೊಡ್ಡದಾಗಬೇಕು, ಮೋಟರಲ್ಲ. (ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟ್ ಆದ ಪಿಟಿಓದಿಂದ ಗೇರ್‌ಬಾಕ್ಸ್ ಮೂಲಕ ತಿರುಗುವ ಆಗರ್‌ಗೆ ಇದ್ಯಾವುದೂ ಅನ್ವಯಿಸದು.)

‘ಹೈಡ್ರಾಲಿಕ್’ ಗ್ರೀಕಿನ ನೀರು ಮತ್ತು ಕೊಳವೆ ಸೇರಿ ಆದ ಪದ. ಮೋಟರೊಳಗೆ ಮಾತ್ರ ನೀರು ಹೋಗಬಾರದು: ಎಣ್ಣೆ ಹಾಲಿನಂತಾಗಿ ಬೇರಿಂಗ್ ತುಕ್ಕು ಹಿಡಿಯುತ್ತದೆ.

ಇನ್ನು ಬಾಳಿಕೆ. ಅದು ಸಿಸಿಯಲ್ಲಿ ಇಲ್ಲವೇ ಇಲ್ಲ. ಆರ್ಬಿಟ್ ಮೋಟರಿನಲ್ಲಿ, ಅಂದರೆ ಹಲ್ಲಿನ ಉಂಗುರದೊಳಗೆ ಹಲ್ಲುಚಕ್ರ ಸುತ್ತುವ ಮೋಟರಿನಲ್ಲಿ, ಹಲ್ಲಿಗೆ ಹಲ್ಲು ಉಜ್ಜುವುದಕ್ಕಿಂತ ನಡುವೆ ರೋಲರ್ ಇರುವುದು ಹೆಚ್ಚು ದಿನ ಬರುತ್ತದೆ. ಕಲ್ಲು ತಗುಲಿ ಆಗರ್ ಓರೆಯಾದಾಗ ಆ ಅಡ್ಡ ಹೊರೆಯನ್ನು ಶಾಫ್ಟ್ ಹೊರಬೇಕು. ಅದಕ್ಕೆ ಓರೆ ರೋಲರಿನ ಟೇಪರ್ ಬೇರಿಂಗ್ ಇದೆಯೇ ಕೇಳಿ. ಶಾಫ್ಟ್ ಬುಡದಲ್ಲಿ ಎಣ್ಣೆ ಜಿನುಗಿತೆಂದು ಮೂರು ಸಲ ಸೀಲ್ ಬದಲಿಸಿದವರು, ಮೋಟರೊಳಗೆ ಸೋರಿದ ಎಣ್ಣೆ ಹೊರಹೋಗುವ ಡ್ರೇನ್ ಪೋರ್ಟಿನ ಪ್ಲಗ್ ಒಮ್ಮೆಯೂ ಬಿಚ್ಚಿರುವುದಿಲ್ಲ. ಅಲ್ಲಿಂದ ಬೇರೆ ಹೋಸ್ ನೇರ ಟ್ಯಾಂಕಿಗೆ ಹೋಗಬೇಕು. ಕೆಲಸ ಮುಗಿಸಿದ ಎಣ್ಣೆ ಮರಳುವ ರಿಟರ್ನ್ ಲೈನಿಗೆ ಸೇರಿಸಿದರೆ ಅಲ್ಲಿಯ ಒತ್ತಡವೇ ತಿರುಗಿ ಸೀಲಿನ ಮೇಲೆ ಬೀಳುತ್ತದೆ, ಹೊಸ ಸೀಲೂ ಹೊರಗೆ ಬರುತ್ತದೆ.