ಇವತ್ತು ಎಷ್ಟು ಗ್ರಾಂ? ಎನ್‌ಐಸಿಯುನಲ್ಲಿ ಮಗುವಿನ ಪ್ರಗತಿ ತಿಳಿಯುವ ಬಗೆ

ತಿಂಗಳು ತುಂಬುವ ಮೊದಲೇ ಹುಟ್ಟಿ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಿದ ಮಗುವಿನ ತಂದೆತಾಯಿ ಬೆಳಿಗ್ಗೆ ಬಂದವರೇ ಕೇಳುವುದು ತೂಕವನ್ನು. ನಿನ್ನೆಗಿಂತ 15 ಗ್ರಾಂ ಏರಿದ್ದರೆ ಮುಖ ಅರಳುತ್ತದೆ, 20 ಗ್ರಾಂ ಇಳಿದಿದ್ದರೆ ಆ ದಿನವೆಲ್ಲ ಊಟ ಸೇರುವುದಿಲ್ಲ. ಕೇಳುವುದರಲ್ಲಿ ತಪ್ಪೇನಿಲ್ಲ, ಆದರೆ ಒಂದು ದಿನದ ತೂಕದಿಂದ ತಿಳಿಯುವುದು ಬಹಳ ಕಡಿಮೆ. ಕೈಗೆ ಕಟ್ಟಿದ ಸ್ಪ್ಲಿಂಟ್, ಮೈಗೆ ಅಂಟಿಸಿದ ತಂತಿಗಳು, ಒದ್ದೆ ಡೈಪರ್, ತೂಗುವ ಮುಂಚೆ ಕೊಟ್ಟ ಹಾಲು ಇಷ್ಟರಿಂದಲೇ ಅಂಕಿ ಆಚೀಚೆ ಆಗಿಬಿಡುತ್ತದೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಹೋದ ವಾರ ಮಗುವಿಗೆ ಯಾವ ಯಾವ ನೆರವು ಬೇಕಿತ್ತು, ಈ ವಾರ ಅದರಲ್ಲಿ ಎಷ್ಟು ಕಡಿಮೆಯಾಗಿದೆ? ಉಸಿರಿಗೆ, ಹಾಲಿಗೆ, ಮೈ ಬಿಸಿಗೆ ಹೊರಗಿನಿಂದ ಕೊಡುವ ಆಸರೆ ಕಡಿಮೆಯಾಗುತ್ತ ಬಂದರೆ ಮಗು ಮುಂದೆ ಸಾಗುತ್ತಿದೆ ಎಂದರ್ಥ.

ಮೊದಲು ವಯಸ್ಸಿನ ಲೆಕ್ಕ ಸರಿಯಾಗಬೇಕು. 28 ವಾರಕ್ಕೆ ಹುಟ್ಟಿದ ಮಗುವಿಗೆ ಇವತ್ತಿಗೆ ನಾಲ್ಕು ವಾರವಾಗಿದ್ದರೆ ವೈದ್ಯರು ಅದನ್ನು 32 ವಾರದ ಮಗು ಎಂದೇ ನೋಡುತ್ತಾರೆ. ಹೀರುವುದು, ಉಸಿರು ಒಂದೇ ಲಯಕ್ಕೆ ಬರುವುದು ಎಲ್ಲವೂ ಈ ಲೆಕ್ಕದಂತೆ ನಡೆಯುತ್ತವೆ. ಆದ್ದರಿಂದ 'ಹುಟ್ಟಿ ತಿಂಗಳಾಯಿತು, ಇನ್ನೂ ಹಾಲು ಚೀಪುವುದಿಲ್ಲವಲ್ಲ' ಎಂದು ಕೊರಗಬೇಕಿಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಸಾಮಾನ್ಯವಾಗಿ 32ರಿಂದ 34ನೇ ವಾರದ ಹೊತ್ತಿಗೆ ಬರುತ್ತದೆ, ಕೆಲವು ಮಕ್ಕಳಲ್ಲಿ ಇನ್ನೂ ತಡವಾಗಿ.

ತೂಕದ ವಿಷಯಕ್ಕೆ ಬಂದರೆ, ಮೊದಲ ಕೆಲವು ದಿನ ಅದು ಇಳಿಯಲೇಬೇಕು. ಮೈಯಲ್ಲಿದ್ದ ಹೆಚ್ಚುವರಿ ನೀರು ಹೋಗುವುದರಿಂದ ಹುಟ್ಟಿದ ತೂಕದ ಶೇಕಡಾ 10ರಿಂದ 15ರವರೆಗೆ ಇಳಿಯಬಹುದು. ಅದೇ ತೂಕಕ್ಕೆ ಮರಳಲು ಎರಡು ವಾರ, ತೀರಾ ಸಣ್ಣ ಮಕ್ಕಳಿಗೆ ಮೂರು ವಾರವೂ ಹಿಡಿಯುತ್ತದೆ. ಆಮೇಲೆ ನಿರೀಕ್ಷಿಸುವುದು ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 15ರಿಂದ 20 ಗ್ರಾಂ ಏರಿಕೆ. ಏಳು ದಿನದ ಒಟ್ಟು ಏರಿಕೆಯನ್ನು ಏಳರಿಂದ ಭಾಗಿಸಿ ನೋಡಿ, ಆಗ ನಿಜಸ್ಥಿತಿ ಕಾಣುತ್ತದೆ. ಒಂದೇ ದಿನ 80 ಗ್ರಾಂ ಏರಿದರೆ ಸಂಭ್ರಮಿಸುವ ಮೊದಲು ಮೈಯಲ್ಲಿ ನೀರು ತುಂಬಿ ಊತ ಬಂದಿದೆಯೇ ಎಂದು ಕೇಳಬೇಕು. ವಾರಕ್ಕೊಮ್ಮೆ ಅಳೆಯುವ ತಲೆಯ ಸುತ್ತಳತೆ ನನ್ನ ದೃಷ್ಟಿಯಲ್ಲಿ ತೂಕಕ್ಕಿಂತ ಹೆಚ್ಚು ಮುಖ್ಯ, ಆದರೆ ಅದನ್ನು ಕೇಳುವ ತಂದೆತಾಯಿ ವಿರಳ. ವಾರಕ್ಕೆ ಅರ್ಧದಿಂದ ಒಂದು ಸೆಂಟಿಮೀಟರ್ ಬೆಳೆದರೆ ಮಿದುಳು ಬೆಳೆಯುತ್ತಿದೆ ಎಂದು ನೆಮ್ಮದಿ. ವಾರಕ್ಕೆ ಎರಡು ಸೆಂಟಿಮೀಟರ್ ಮೀರಿದರೆ ಮಿದುಳಿನೊಳಗೆ ನೀರು ಸೇರುತ್ತಿರಬಹುದು ಎಂದು ಸ್ಕ್ಯಾನ್ ಮಾಡಿಸುತ್ತಾರೆ.

ಉಸಿರಾಟದ ನೆರವನ್ನು ಅರ್ಥ ಮಾಡಿಕೊಳ್ಳಲು ಎರಡು ಅಂಕಿ ಸಾಕು: ಆಕ್ಸಿಜನ್ ಶೇಕಡಾ ಎಷ್ಟು, ಒತ್ತಡ ಎಷ್ಟು. ನಾವೆಲ್ಲ ಉಸಿರಾಡುವ ಗಾಳಿಯಲ್ಲಿರುವುದು ಶೇಕಡಾ 21. ಸೋಮವಾರ 40 ಇದ್ದದ್ದು ಗುರುವಾರ 30, ಭಾನುವಾರ 23 ಆಗಿದ್ದರೆ, ಆ ವಾರ ತೂಕ ನಿಂತಲ್ಲೇ ನಿಂತಿದ್ದರೂ ಅದು ಒಳ್ಳೆಯ ವಾರ. ವೆಂಟಿಲೇಟರ್‌ನಿಂದ ಮೂಗಿಗೆ ಹಾಕುವ ಸಿಪ್ಯಾಪ್, ಅಲ್ಲಿಂದ ಮೂಗಿನ ಸಣ್ಣ ಕೊಳವೆ, ಕೊನೆಗೆ ಬರೀ ಗಾಳಿ: ದಾರಿ ಹೀಗಿದ್ದರೂ ಎಲ್ಲ ಮಕ್ಕಳೂ ಎಲ್ಲ ಮೆಟ್ಟಿಲು ಹತ್ತುವುದಿಲ್ಲ. ಸಿಪ್ಯಾಪ್ ಮಾಡುವ ಕೆಲಸವಿಷ್ಟೇ: 5ರಿಂದ 6 ಸೆಂಟಿಮೀಟರ್ ನೀರಿನಷ್ಟು ಒತ್ತಡ ಕೊಟ್ಟು, ಉಸಿರು ಬಿಟ್ಟಾಗ ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಮುದುಡದಂತೆ ಹಿಡಿದಿಡುವುದು. ಅದನ್ನು ತೆಗೆದು ಎರಡು ದಿನಕ್ಕೆ ಮತ್ತೆ ಹಾಕಿದರೆ ಎದೆಯೊಡೆದುಕೊಳ್ಳಬೇಡಿ. ಪಕ್ಕೆಲುಬು ಇನ್ನೂ ಮೆದು, ಸ್ನಾಯು ಎಳೆಯದು, ಮಗು ಸುಸ್ತಾಗುತ್ತದೆ. ಉಸಿರಾಟಕ್ಕೇ ಶಕ್ತಿಯೆಲ್ಲ ಖರ್ಚಾದರೆ ಬೆಳೆಯಲು ಏನೂ ಉಳಿಯುವುದಿಲ್ಲ, ಹಾಗಾಗಿ ಮತ್ತೆ ಆಸರೆ ಕೊಡುವುದೇ ಜಾಣತನ.

ಮಾನಿಟರ್‌ನಲ್ಲಿ ಸ್ಯಾಚುರೇಶನ್ (ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟು ತುಂಬಿದೆ ಎಂಬ ಅಂಕಿ) 93 ಇದ್ದರೆ 'ಯಾಕೆ 100 ಮಾಡಬಾರದು' ಎಂದು ಹಲವರು ಕೇಳುತ್ತಾರೆ. ಆಕ್ಸಿಜನ್ ಕೊಡುತ್ತಿರುವಾಗ ಬೇಕೆಂದೇ 90ರಿಂದ 95ರ ನಡುವೆ ಇಡುತ್ತಾರೆ. ಅತಿಯಾದ ಆಕ್ಸಿಜನ್ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ, ಇನ್ನೂ ಬೆಳೆಯದ ಅಕ್ಷಿಪಟಲದ ರಕ್ತನಾಳಗಳನ್ನು ಕೆಡಿಸುತ್ತದೆ. ಬರೀ ಗಾಳಿಯಲ್ಲೇ ಮಗು 99 ತೋರಿಸುತ್ತಿದ್ದರೆ ಯಾವ ಅಪಾಯವೂ ಇಲ್ಲ. ಅಲಾರಂ ಹೊಡೆದಾಗ ಪರದೆ ನೋಡುವ ಮೊದಲು ಮಗುವನ್ನು ನೋಡಿ: ತುಟಿಯ ಬಣ್ಣ, ಎದೆಯ ಏರಿಳಿತ. ಮಗು ಕೆಂಪಗಿದ್ದು ಸಲೀಸಾಗಿ ಉಸಿರಾಡುತ್ತಿದ್ದರೆ ಸ್ಯಾಚುರೇಶನ್ ಅಳೆಯಲು ಪಾದಕ್ಕೆ ಕಟ್ಟಿದ ಪ್ರೋಬ್ ಸಡಿಲವಾಗಿರುವುದೇ ಹೆಚ್ಚು. ಹಾಗಿದ್ದರೂ ನರ್ಸ್ ಬಂದು ನೋಡಲಿ. ಅಲಾರಂ ಗುಂಡಿಯನ್ನು ನೀವು ಮುಟ್ಟಬೇಡಿ.

ನಿಜವಾದ ಉಸಿರು ನಿಲ್ಲುವಿಕೆ ಬೇರೆ. 20 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಉಸಿರು ನಿಂತರೆ, ಇಲ್ಲವೇ ಅದಕ್ಕಿಂತ ಕಡಿಮೆ ಹೊತ್ತು ನಿಂತರೂ ಹೃದಯ ಬಡಿತವೋ ಸ್ಯಾಚುರೇಶನ್ನೋ ಕುಸಿದರೆ ಅದನ್ನು ಅಪ್ನಿಯ ಎನ್ನುತ್ತಾರೆ. ಮಿದುಳಿನ ಉಸಿರಾಟದ ಕೇಂದ್ರ ಇನ್ನೂ ಮಾಗದಿರುವುದು ಇದಕ್ಕೆ ಕಾರಣ. ಅದನ್ನು ಎಚ್ಚರವಾಗಿಡಲು ಕೆಫೀನ್ ಕೊಡುತ್ತಾರೆ, ಹೆಚ್ಚಾಗಿ 34 ವಾರದ ಆಸುಪಾಸಿನವರೆಗೆ. ಇಲ್ಲಿ ಕೇಳಬೇಕಾದ್ದು 'ಎಷ್ಟು ಸಲ ಆಯಿತು' ಎಂಬುದೊಂದನ್ನೇ ಅಲ್ಲ, 'ತಾನಾಗಿಯೇ ಚೇತರಿಸಿಕೊಂಡಿತೇ, ಮುಟ್ಟಿ ಎಬ್ಬಿಸಬೇಕಾಯಿತೇ, ಮಾಸ್ಕ್ ಹಾಕಿ ಉಸಿರು ಕೊಡಬೇಕಾಯಿತೇ' ಎಂದೂ ಕೇಳಿ. ಒಂದು ವಾರ ಸುಮ್ಮನಿದ್ದ ಮಗುವಿಗೆ ಒಂದೇ ದಿನದಲ್ಲಿ ನಾಲ್ಕೈದು ಸಲ ಹೀಗಾದರೆ ಮೊದಲು ಸಂಶಯ ಹೋಗುವುದು ಸೋಂಕಿನ ಕಡೆಗೆ, ಆಮೇಲೆ ರಕ್ತಹೀನತೆ, ಮೈ ತಣ್ಣಗಾಗಿರುವುದು ಇತ್ಯಾದಿಗೆ. ಆ ದಿನ ರಕ್ತಪರೀಕ್ಷೆ, ಆಂಟಿಬಯಾಟಿಕ್ ಶುರುವಾಗುವುದು ಇದೇ ಕಾರಣಕ್ಕೆ.

ಹಾಲಿನ ಲೆಕ್ಕವನ್ನು ತಂದೆತಾಯಿ ಸ್ವತಃ ಬರೆದಿಡಬಹುದು. ಒಂದು ಕಿಲೋ ತೂಕದ ಮಗುವಿಗೆ ಮೊದಲು ದಿನಕ್ಕೆ 10ರಿಂದ 20 ಮಿಲಿಲೀಟರ್. ಎರಡು ಗಂಟೆಗೊಮ್ಮೆ ಕೊಟ್ಟರೆ ಒಂದು ಸಲಕ್ಕೆ ಎರಡು ಮಿಲಿಲೀಟರ್ ಕೂಡ ಇಲ್ಲ. ಇದು ಹೊಟ್ಟೆ ತುಂಬಿಸಲು ಅಲ್ಲ, ಕರುಳನ್ನು ಕೆಲಸಕ್ಕೆ ಹಚ್ಚಲು. ಕರುಳು ತಾಳಿಕೊಂಡರೆ ದಿನಕ್ಕೆ 20ರಿಂದ 30 ಮಿಲಿಲೀಟರ್ ಏರಿಸುತ್ತ, ದಿನಕ್ಕೆ 150ರಿಂದ 160 ಮುಟ್ಟಿಸುತ್ತಾರೆ. ಆಗ ಡ್ರಿಪ್ ತೆಗೆಯಬಹುದು. ಡ್ರಿಪ್ ತೆಗೆದ ದಿನ ದೊಡ್ಡ ದಿನ, ಏಕೆಂದರೆ ರಕ್ತನಾಳಕ್ಕೆ ಚುಚ್ಚಿಟ್ಟ ಪ್ರತಿ ಕೊಳವೆಯೂ ಸೋಂಕಿಗೆ ಒಂದು ಬಾಗಿಲು. ಎದೆಹಾಲಿಗೆ ಪುಡಿಯೋ ದ್ರವವೋ ಬೆರೆಸುತ್ತೇವೆ ಎಂದರೆ ನಿಮ್ಮ ಹಾಲಿನಲ್ಲಿ ಸತ್ವವಿಲ್ಲ ಎಂದಲ್ಲ. ಗರ್ಭದಲ್ಲಿ ಕೊನೆಯ ತಿಂಗಳುಗಳಲ್ಲಿ ಸಿಗಬೇಕಿದ್ದ ಕ್ಯಾಲ್ಸಿಯಂ, ರಂಜಕ, ಪ್ರೋಟೀನ್ ಈ ಮಗುವಿಗೆ ಸಿಕ್ಕಿಲ್ಲ, ಅದನ್ನು ತುಂಬಿಕೊಡಲು ಅಷ್ಟೆ. ಹಸಿರು ವಾಂತಿ, ಬಿಗಿದು ಉಬ್ಬಿದ ಹೊಟ್ಟೆ, ಮಲದಲ್ಲಿ ರಕ್ತ ಈ ಮೂರರಲ್ಲಿ ಯಾವುದು ಕಂಡರೂ ತಕ್ಷಣ ಹೇಳಿ. ಕರುಳು ಕೊಳೆಯುವ ಕಾಯಿಲೆ ಹೀಗೇ ಶುರುವಾಗುತ್ತದೆ. ಹಾಲು ನಿಲ್ಲಿಸಿ ಎಕ್ಸ್‌ರೇ ತೆಗೆಯುವುದಕ್ಕೆ ಒಂದು ಗಂಟೆಯೂ ತಡವಾಗಬಾರದು.

ತಾಯಂದಿರು ಎಡವುವುದು ಒಂದು ಕಡೆ. ಮಗು ಕುಡಿಯುವುದೇ ಎರಡು ಮಿಲಿಲೀಟರ್, ಹಾಗಾದರೆ ಇಷ್ಟು ಸಲ ಯಾಕೆ ಹಿಂಡಬೇಕು ಎಂದು ಬಿಟ್ಟುಬಿಡುತ್ತಾರೆ. ಮುಂದಿನ ತಿಂಗಳುಗಳಲ್ಲಿ ಎಷ್ಟು ಹಾಲು ಬರಬೇಕು ಎಂಬುದನ್ನು ಮೈ ಬಹುಮಟ್ಟಿಗೆ ಮೊದಲ ಎರಡು ವಾರದಲ್ಲೇ ತೀರ್ಮಾನಿಸುತ್ತದೆ. ಹೆರಿಗೆಯಾದ ಒಂದೆರಡು ಗಂಟೆಯಲ್ಲೇ ಶುರುಮಾಡಿ, 24 ಗಂಟೆಯಲ್ಲಿ 8ರಿಂದ 10 ಸಲ, ರಾತ್ರಿ ಒಮ್ಮೆಯಾದರೂ ಎದ್ದು ಹಿಂಡಬೇಕು. ಮೊದಲ ಎರಡು ದಿನ ಹನಿಗಳಷ್ಟೇ ಬಂದರೂ ಚೆಲ್ಲಬೇಡಿ, ಆ ಹಳದಿ ಹನಿಗಳನ್ನು ಮಗುವಿನ ಬಾಯೊಳಗೆ ಸವರುತ್ತಾರೆ. ಎರಡು ವಾರದ ಹೊತ್ತಿಗೆ ದಿನಕ್ಕೆ ಅರ್ಧ ಲೀಟರ್ ಮುಟ್ಟಿದರೆ ಮುಂದೆ ಚಿಂತೆ ಕಡಿಮೆ. ಡಬ್ಬಿಯ ಮೇಲೆ ದಿನಾಂಕ, ಗಂಟೆ ಬರೆಯಿರಿ. ಕಾಯಿಸುವುದು, ಮೈಕ್ರೋವೇವ್‌ನಲ್ಲಿ ಇಡುವುದು ಬೇಡ.

ಮಗುವನ್ನು ಬರಿ ಎದೆಗೆ ಅವಚಿಕೊಳ್ಳುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದದ್ದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, ಹುಟ್ಟಿದ ಕೂಡಲೇ ಆರಂಭಿಸಿ ದಿನಕ್ಕೆ 8ರಿಂದ 24 ಗಂಟೆ ಮಾಡಬೇಕೆಂದು ಹೇಳಿತು. ಅರ್ಧ ಗಂಟೆಗೆಂದು ಮಗುವನ್ನು ಎತ್ತಿ ಇಳಿಸಿದರೆ ಅದಕ್ಕೆ ದಣಿವೇ ಹೆಚ್ಚು; ಕೂತರೆ ಕನಿಷ್ಠ ಒಂದು ಗಂಟೆ ಕೂರಿ. ಅಪ್ಪನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ. ಇನ್‌ಕ್ಯುಬೇಟರ್‌ನೊಳಗೆ ಮುಟ್ಟುವಾಗ ಬೆರಳಾಡಿಸಿ ಸವರಬೇಡಿ, ಅದು ಈ ಮಕ್ಕಳಿಗೆ ಕಿರಿಕಿರಿ. ಒಂದು ಅಂಗೈ ತಲೆಗೆ, ಇನ್ನೊಂದು ಪಾದಕ್ಕೆ ಇಟ್ಟು ಅಲುಗಾಡಿಸದೆ ಹಿಡಿದಿರಿ. ಬೆರಳು ಬಿಡಿಸಿ ಚಾಚುವುದು, ಬಿಕ್ಕಳಿಕೆ, ಮೈ ಬಿಲ್ಲಾಗಿಸುವುದು ಕಂಡರೆ ಸಾಕೆಂದು ಅರ್ಥ.

ತಲೆಯ ಸ್ಕ್ಯಾನ್ ಅನ್ನು ನೆತ್ತಿಯ ಮೂಲಕ, ಮೊದಲ ವಾರದಲ್ಲಿ, ಆಮೇಲೆ ಸುಮಾರು ನಾಲ್ಕು ವಾರಕ್ಕೆ ಮಾಡುತ್ತಾರೆ. ಮಿದುಳಿನೊಳಗೆ ರಕ್ತಸ್ರಾವ ಕಂಡು ಅದು ಒಂದನೆಯ ಅಥವಾ ಎರಡನೆಯ ಶ್ರೇಣಿಯದಾದರೆ ಬಹುಪಾಲು ತಾನಾಗಿ ಕರಗುತ್ತದೆ. ಮೂರು, ನಾಲ್ಕಾದರೆ ಮೊದಲೇ ಹೇಳಿದ ತಲೆಯ ಸುತ್ತಳತೆಯ ಮೇಲೆ ಕಣ್ಣಿಡಬೇಕು.

ಮನೆಗೆ ಕಳಿಸಲು ಇಷ್ಟೇ ತೂಕವಾಗಬೇಕು ಎಂಬ ಒಂದು ಗೆರೆ ಇಲ್ಲ. ತೆರೆದ ತೊಟ್ಟಿಲಲ್ಲಿ ಮೈ ಬಿಸಿ 36.5ರಿಂದ 37.5 ಡಿಗ್ರಿ ನಿಲ್ಲಬೇಕು, ಪೂರ್ತಿ ಹಾಲನ್ನು ಎದೆಯಿಂದಲೋ ಒಳಲೆಯಿಂದಲೋ ಬಾಯಲ್ಲೇ ಕುಡಿಯಬೇಕು, ತೂಕ ಏರುತ್ತಿರಬೇಕು, ಕೆಫೀನ್ ನಿಲ್ಲಿಸಿದ ಮೇಲೆ ಐದಾರು ದಿನ ಉಸಿರು ನಿಂತಿರಬಾರದು. ಲಸಿಕೆಗೆ ಮಾತ್ರ ಹುಟ್ಟಿದ ದಿನದಿಂದಲೇ ಲೆಕ್ಕ. ಬೇಗ ಹುಟ್ಟಿದ ವಾರಗಳನ್ನು ಕಳೆಯುವ ಲೆಕ್ಕ ಇಲ್ಲಿಲ್ಲ. ಹೊರಡುವ ಮುನ್ನ ಡಿಸ್ಚಾರ್ಜ್ ಹಾಳೆಯಲ್ಲಿ ಕಿವಿಯ ಪರೀಕ್ಷೆಯ ಫಲಿತಾಂಶ ಮತ್ತು ಮುಂದಿನ ಕಣ್ಣಿನ ಪರೀಕ್ಷೆಯ ದಿನಾಂಕ ಬರೆದಿದೆಯೇ ನೋಡಿ. ಕಣ್ಣನ್ನು ಮೊದಲು ನೋಡುವುದು ಸಾಮಾನ್ಯವಾಗಿ ನಾಲ್ಕು ವಾರದೊಳಗೆ, ತೀರಾ ಸಣ್ಣ ಮಕ್ಕಳಲ್ಲಿ ಇನ್ನೂ ಬೇಗ. ಅಕ್ಷಿಪಟಲದ ರಕ್ತನಾಳ ಪೂರ್ತಿ ಬೆಳೆಯಿತೆಂದು ಕಣ್ಣಿನ ವೈದ್ಯರು ಹೇಳುವವರೆಗೂ ಅದು ಮುಂದುವರಿಯಬೇಕು. ಮಗು ಆಟವಾಡುತ್ತಿದೆ, ಹಾಲು ಕುಡಿಯುತ್ತಿದೆ ಎಂದು ಒಂದು ವಾರ ಮುಂದೂಡಿದರೂ ಲೇಸರ್‌ನಿಂದ ಉಳಿಸಬಹುದಾಗಿದ್ದ ದೃಷ್ಟಿ ಕೈತಪ್ಪಬಹುದು. ಅಕ್ಷಿಪಟಲದ ಈ ಕಾಯಿಲೆ ಹೊರಗಿನಿಂದ ನೋಡಿದರೆ ಕಾಣುವುದೇ ಇಲ್ಲ.