ತಟ್ಟೆಯಲ್ಲಿ ಉಳಿದದ್ದನ್ನು ಮನೆಗೆ ಒಯ್ಯಬಹುದಾ?

ಹೋಟೆಲುಗಳಿಗೆ ಗುಟ್ಟಾಗಿ ಗಿರಾಕಿಗಳನ್ನು ಕಳಿಸಿ ವರದಿ ಬರೆಸುವುದು ನನ್ನ ಕೆಲಸ. ಮಿಸ್ಟರಿ ಶಾಪಿಂಗ್ ಅಂತಾರಲ್ಲ, ಅದು. ಹುಬ್ಬಳ್ಳಿ-ಧಾರವಾಡದಲ್ಲಿ ಹೊಸದಾಗಿ ಸೇರುವವರು ಮೊದಲು ಕೇಳುವುದು ಒಂದೇ: "ಮೇಡಂ, ಉಳದದ್ದು ಮನಿಗೆ ಒಯ್ಯಬಹುದೇನ್ರಿ?"

ಸೂಚನೆ ಹಾಳೆ ಓದಿ ಅಂತೀನಿ. ವರದಿ ಬರೆಸುವ ಕೆಲವು ಕಂಪನಿಗಳು ಪಾರ್ಸಲ್ ಬೇಡವೇ ಬೇಡ ಅನ್ನುತ್ತವೆ. ಅದಕ್ಕೆ ಕಾರಣ ಇದೆ. ಬಿಲ್ಲಿನ ದುಡ್ಡನ್ನು ಒಂದು ಮಿತಿಯವರೆಗೆ ಅವರೇ ಕೊಡುತ್ತಾರೆ. ನಮ್ಮವರೊಬ್ಬರು ಮನೆಮಂದಿಗೆಲ್ಲ ಆಗುವಷ್ಟು ತರಿಸಿ, ಎರಡು ತುತ್ತು ತಿಂದು, ಉಳಿದದ್ದನ್ನು ಕಟ್ಟಿಸಿಕೊಂಡು ಬಂದಿದ್ದರು. ವರದಿಯಲ್ಲಿ 'ರುಚಿ ಚೆನ್ನಾಗಿತ್ತು' ಅಂತ ಅಷ್ಟೇ. ರೊಟ್ಟಿ ಬಿಸಿ ಇತ್ತಾ, ಸಾರು ತಣ್ಣಗಾಗಿತ್ತಾ, ಒಂದೂ ಇಲ್ಲ. ಅಡುಗೆ ಮಾಡುವವರಿಗೆ ಅದರಿಂದ ಏನು ಉಪಯೋಗ?

ಬೇಕಾದಷ್ಟು ಬಡಿಸುವ ಖಾನಾವಳಿಯಲ್ಲಂತೂ ಕೇಳಲೇಬೇಡಿ. ಅಲ್ಲಿ ದರ ಇಟ್ಟಿರುವುದು ಕೂತು ಉಣ್ಣುವ ಒಬ್ಬರ ಹೊಟ್ಟೆಗೆ. ಈ ಮಾತಿನಲ್ಲಿ ನಾನು ಮಾಲೀಕರ ಕಡೆ.

ಇನ್ನು ಕೆಲವು ಕಂಪನಿಗಳು ಉಳಿದದ್ದನ್ನು ಕಟ್ಟಿಸಿಕೊಂಡೇ ಬನ್ನಿ ಅನ್ನುತ್ತವೆ. ನನಗೆ ಇಷ್ಟವಾದ ಕೆಲಸ ಇದು. ವಿದ್ಯಾನಗರದ ಒಂದು ಹೋಟೆಲಿನಲ್ಲಿ ನಾನೇ ಕೂತಿದ್ದೆ. ಟೇಬಲ್ ಒರೆಸಿದ ಹುಡುಗ ಅದೇ ಕೈಯಲ್ಲಿ ಬಟ್ಟಲು ಎತ್ತಿದ. ಎಣ್ಣೆಗಾಯಿಯನ್ನು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ದಾರ ಸುತ್ತಿದ. ರೊಟ್ಟಿಗೆ ಹಳೆ ಪೇಪರು. ಪ್ಲಾಸ್ಟಿಕ್ ಚೀಲಕ್ಕೆ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಪೇಪರಿನಲ್ಲಿ ತಿನಿಸು ಸುತ್ತಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೂ ಹೇಳಿದೆ, ಮಸಿ ಎಣ್ಣೆಗೆ ಹತ್ತಿಕೊಳ್ಳುತ್ತದೆ. ಮಿರ್ಚಿ ಭಜಿಯನ್ನು ಪೇಪರಿನಲ್ಲೇ ತಿಂದು ಬೆಳೆದವರು ನಾವು. ಅದಕ್ಕೇ ಇದನ್ನು ಜಾಸ್ತಿ ಸಲ ಹೇಳಬೇಕು.

ಮನೆಗೆ ಬಂದ ಮೇಲೂ ನಮ್ಮವರ ಕೆಲಸ ಮುಗಿಯುವುದಿಲ್ಲ. ಡಬ್ಬಿ ಸೋರಿದೆಯಾ ನೋಡಿ ಫೋಟೋ ತೆಗೆಯಬೇಕು. ಬಿಲ್ಲಿನ ಮೇಲೆ ಅದೇ ಪ್ರಾಧಿಕಾರ ಕೊಡುವ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯಾ ನೋಡಬೇಕು. ಊಟವನ್ನು 2 ಗಂಟೆಯೊಳಗೆ ಫ್ರಿಜ್ಜಿಗೆ ಇಡಬೇಕು. 5ರಿಂದ 60 ಡಿಗ್ರಿ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಅನ್ನದ ಬಗ್ಗೆ ಇನ್ನೂ ಹುಷಾರು. ಕುದಿಸಿದರೂ ಸಾಯದ ಒಂದು ಬ್ಯಾಕ್ಟೀರಿಯಾ ಅದರಲ್ಲಿರಬಹುದು. ಅನ್ನವನ್ನು ಸುಮ್ನೆ ಹೊರಗೆ ಇಟ್ಟರೆ ಅದು ಬೆಳೆದು ವಿಷ ಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

ಇದನ್ನು ನನಗಿಂತ ಚೆನ್ನಾಗಿ ಹೇಳಿದವನು ಗದಗಿನ ಒಂದು ಸಣ್ಣ ಹೋಟೆಲಿನ ಹುಡುಗ. ಅನ್ನ ಉಳಿದಿತ್ತು. ಕೇಳಿದ್ದೇ ತಡ, ಕೈ ತೊಳೆದು ಬಂದು, ಡಬ್ಬಿ ಮತ್ತು ಬೇರೆ ಚಮಚ ಮುಂದಿಟ್ಟ. "ನೀವ ಹಾಕ್ಕೋರಿ ಅಕ್ಕಾರ. ರಾತ್ರಿನ ಬಿಸಿ ಮಾಡಿ ತಿಂದ್ಬಿಡ್ರಿ, ನಾಳಿಗೆ ಇಡಬ್ಯಾಡ್ರಿ" ಅಂದ. ಹೆಸರು ಕೇಳಿ ಬರೆದುಕೊಂಡೆ. ವರದಿಯ ಮೊದಲ ಸಾಲಿಗೇ ಹಾಕಿದೆ.