ಹೊಸ ಲ್ಯಾಪ್‌ಟಾಪ್‌ ಮೂಲೆ ನೆಗ್ಗಿದೆ, ರಿಪೇರಿ ಮಾಡಿಸಲೇ?

ಪ್ರಶ್ನೆ: ಮಗಳ ಕಾಲೇಜಿಗೆಂದು ಲ್ಯಾಪ್‌ಟಾಪ್ ತೆಗೆದುಕೊಂಡು ಇನ್ನೂ ಮೂರು ವಾರ ಆಗಿಲ್ಲ. ಚಾರ್ಜರ್ ವೈರಿಗೆ ಯಾರದೋ ಕಾಲು ಸಿಕ್ಕಿ ಮಂಚದ ಮೇಲಿಂದ ಬಿತ್ತು. ಅಲ್ಯೂಮಿನಿಯಂ ಬಾಡಿ. ಮುಚ್ಚಳದ ಒಂದು ಮೂಲೆ ನೆಗ್ಗಿದೆ, ಬೆರಳುದ್ದ ಗೀರು ಬಿದ್ದಿದೆ. ಕೆಲಸವೇನೋ ಸರಿಯಾಗಿಯೇ ಮಾಡುತ್ತಿದೆ. ಸರ್ವಿಸ್ ಸೆಂಟರಿನಲ್ಲಿ ಮುಚ್ಚಳ ಬದಲಿಸಲು 11 ಸಾವಿರ ಹೇಳಿದರು. ಮಾಡಿಸಬೇಕಾ, ಸುಮ್ನೆ ಬಿಡಬೇಕಾ?

ಉತ್ತರ: ಸುಮ್ನೆ ಬಿಡಿ. ಆದರೆ ಬಿಡುವ ಮುಂಚೆ ಇವತ್ತು ರಾತ್ರಿ ಅರ್ಧ ಗಂಟೆ ಅದರ ಮುಂದೆ ಕೂತು ಸರಿಯಾಗಿ ನೋಡಿ.

ನೋಡಬೇಕಾದದ್ದು ನೆಗ್ಗು ಎಷ್ಟು ದೊಡ್ಡದು ಅಂತಲ್ಲ. ಅದು ಒಳಗಿನ ಯಾವುದನ್ನಾದರೂ ಜರುಗಿಸಿದೆಯಾ ಅಂತ. ಮೊದಲು ಮುಚ್ಚಳವನ್ನು ನಿಧಾನಕ್ಕೆ ತೆರೆಯಿರಿ. ಎರಡೂ ಹಿಂಜ್‌ಗಳು ಒಂದೇ ಸಮ ಬರಬೇಕು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಅನ್ನಿಸಿದರೆ, ಕಿರ್ ಅಂತ ಸದ್ದು ಬಂದರೆ ಗುರುತು ಹಾಕಿಕೊಳ್ಳಿ. ಮುಚ್ಚಿದಾಗ ಸುತ್ತಲೂ ಸಂದು ಒಂದೇ ಅಳತೆ ಇದೆಯಾ? ಒಂದು ಹಾಳೆ ತೂರಿಸಿ ನೋಡಿದರೆ ಗೊತ್ತಾಗುತ್ತದೆ. ಆಮೇಲೆ ದೀಪ ಆರಿಸಿ, ಸ್ಕ್ರೀನ್ ಮೇಲೆ ಪೂರ್ತಿ ಬಿಳಿ ಚಿತ್ರ, ನಂತರ ಪೂರ್ತಿ ಕಪ್ಪು ಚಿತ್ರ ಹಾಕಿ. ನೆಗ್ಗಿದ ಮೂಲೆಯ ಹತ್ತಿರ ಬೆಳಕಿನ ಮಚ್ಚೆ ಕಂಡರೆ ಲೋಹ ಒಳಗಿನಿಂದ ಡಿಸ್‌ಪ್ಲೇಯನ್ನು ಒತ್ತುತ್ತಿರಬಹುದು. ಹಾಗಿದ್ದರೆ ಅದು ಇವತ್ತು ಮಚ್ಚೆ, ನಾಳೆ ಬಿರುಕೂ ಆಗಬಹುದು.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೀನಿಗೂ ಕೀಬೋರ್ಡಿಗೂ ನಡುವೆ ಜಾಗವೇ ಇರುವುದಿಲ್ಲ. ಕ್ಯಾಮೆರಾಗೆ ಮುಚ್ಚಳ ಅಂಟಿಸಿಕೊಂಡು ಮ್ಯಾಕ್‌ಬುಕ್ ಮುಚ್ಚಬೇಡಿ, ಸ್ಕ್ರೀನ್ ಹಾಳಾಗಬಹುದು ಎಂದು ಆಪಲ್ ಕಂಪನಿಯೇ 2020ರಲ್ಲಿ ಹೇಳಿತ್ತು. ಅಂಥ ಚೂರು ಪ್ಲಾಸ್ಟಿಕ್ಕೇ ಅಷ್ಟು ಮಾಡುವುದಾದರೆ, ಒಳಕ್ಕೆ ಬಗ್ಗಿದ ಅಂಚನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಕೊನೆಗೆ ಮಟ್ಟಸವಾದ ಮೇಜಿನ ಮೇಲಿಟ್ಟು ನಾಲ್ಕೂ ಮೂಲೆ ಒತ್ತಿ. ಕುಂಟುತ್ತದಾ? ಚಾರ್ಜರ್ ಪಿನ್ನು, ಯುಎಸ್‌ಬಿ ಎಲ್ಲ ಸಲೀಸಾಗಿ ಹೋಗುತ್ತವಾ? ತಳ ಉಬ್ಬಿದೆಯಾ, ಟಚ್‌ಪ್ಯಾಡ್ ಮೇಲೆದ್ದಿದೆಯಾ? ಉಬ್ಬಿದ್ದರೆ ಬ್ಯಾಟರಿ ಊದಿರಬಹುದು. ಆಗ ಚಾರ್ಜಿಗೆ ಹಾಕಬೇಡಿ, ಬಳಸಲೂಬೇಡಿ. ನೇರ ಸರ್ವಿಸ್ ಸೆಂಟರಿಗೆ.

ಹಿಂಜ್, ಸ್ಕ್ರೀನ್, ಪೋರ್ಟ್, ಬ್ಯಾಟರಿ ಇವುಗಳಲ್ಲಿ ಯಾವುದಕ್ಕೆ ಪೆಟ್ಟಾಗಿದ್ದರೂ ಅದು ಅಂದದ ವಿಷಯವಲ್ಲ. ಮಾಡಿಸಲೇಬೇಕು, ಅದೂ ಕಂಪನಿಯ ಅಧಿಕೃತ ಸೆಂಟರಿನಲ್ಲೇ, ಬಿಲ್ಲು ಇಟ್ಟುಕೊಂಡು. ಎಲ್ಲ ಸರಿ ಇದ್ದರೆ ನಿಮ್ಮ 11 ಸಾವಿರ ಜೇಬಿನಲ್ಲೇ ಇರಲಿ.

ದುಡ್ಡಿಗಾಗಿ ಮಾತ್ರ ಹೀಗೆ ಹೇಳುತ್ತಿಲ್ಲ. ಮುಚ್ಚಳ ಬದಲಿಸುವುದು ಅಂದರೆ ಡಬ್ಬಿಯ ಮುಚ್ಚಳ ಬದಲಿಸಿದ ಹಾಗಲ್ಲ. ರಿಪೇರಿಯವರ ಭಾಷೆಯಲ್ಲಿ ಹೊರ ಮುಚ್ಚಳ ‘ಎ’ ಪ್ಯಾನೆಲ್, ಸ್ಕ್ರೀನಿನ ಚೌಕಟ್ಟು ‘ಬಿ’, ಕೀಬೋರ್ಡ್ ಇರುವುದು ‘ಸಿ’, ತಳ ‘ಡಿ’. ‘ಎ’ ಬದಲಿಸಬೇಕಾದರೆ ‘ಬಿ’ ಕಿತ್ತು, ಅಂಟಿಸಿರುವ ಡಿಸ್‌ಪ್ಲೇ ಬಿಡಿಸಿ, ಕ್ಯಾಮೆರಾ ವೈರು, ಹಿಂಜ್ ಎಲ್ಲ ತೆಗೆಯಬೇಕು. ಎಷ್ಟೋ ಮಾಡೆಲ್‌ಗಳಲ್ಲಿ ವೈ-ಫೈ ಆಂಟೆನಾ ಕೂಡ ಆ ಮುಚ್ಚಳದಲ್ಲೇ ಇರುತ್ತದೆ. ಚೆನ್ನಾಗಿದ್ದ ನಾಲ್ಕು ವಸ್ತು ಬಿಚ್ಚಿ ಮತ್ತೆ ಜೋಡಿಸಿದರೆ ಐದನೆಯದು ಹೊಸದಾಗುತ್ತದೆ, ಅಷ್ಟೇ.

ನಾನೂ ಒಮ್ಮೆ ಈ ಕೆಲಸ ಮಾಡಿಸಿದೆ. ನೆಗ್ಗು ಕಣ್ಣಿಗೆ ಚುಚ್ಚುತ್ತಿತ್ತು, ಬೆಂಗಳೂರಿನ ಎಸ್‌.ಪಿ. ರೋಡಿನ ಒಂದು ಅಂಗಡಿಗೆ ಕೊಟ್ಟೆ. ಸಂಜೆಗೆ ಮುಚ್ಚಳ ಫಳಫಳ ಅನ್ನುತ್ತಾ ಬಂತು. ಆದರೆ ಮನೆಯಲ್ಲಿ ರೂಟರ್ ಇರುವ ಕೋಣೆ ಬಿಟ್ಟು ಹೊರಗೆ ಕಾಲಿಟ್ಟರೆ ವೈ-ಫೈ ಮಾಯ. ಆಂಟೆನಾ ವೈರು ಸರಿಯಾಗಿ ಕೂತಿರಲಿಲ್ಲ. ಮತ್ತೆ ಹೋದೆ, ಮತ್ತೆ ಬಿಚ್ಚಿದರು. ಆ ಸಲ ಸ್ಕ್ರೀನಿನ ಚೌಕಟ್ಟಿನ ಒಂದು ಲಾಕು ಮುರಿಯಿತು. ನೆಗ್ಗಿದ ಹಳೇ ಮುಚ್ಚಳದ ಮೇಲೆ ಆಗ ನನಗೆ ಬಂದ ಪ್ರೀತಿ ಹೇಳತೀರದು.

ಇನ್ನು ಗೀರು. ಬಣ್ಣದ ಅಲ್ಯೂಮಿನಿಯಂ ಬಾಡಿಗಳ ಮೇಲಿರುವುದು ಸಾಮಾನ್ಯವಾಗಿ ಬಳಿದ ಪೇಂಟ್ ಅಲ್ಲ. ಲೋಹವನ್ನು ಆಮ್ಲದ ತೊಟ್ಟಿಯಲ್ಲಿ ಅದ್ದಿ, ಕರೆಂಟ್ ಹರಿಸಿ, ಅದರ ಮೈಮೇಲೇ ಆಕ್ಸೈಡ್ ಪದರ ಬೆಳೆಸುತ್ತಾರೆ. ಆ ಪದರದ ಸಣ್ಣ ರಂಧ್ರಗಳೊಳಗೆ ಬಣ್ಣ ಇಳಿಸಿ ಮುಚ್ಚುತ್ತಾರೆ. ಇದೇ ಆನೋಡೈಸಿಂಗ್. ಅದರ ದಪ್ಪ ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ತೆಳು. ಗೀರು ಅದನ್ನು ದಾಟಿದರೆ ಕೆಳಗಿನ ಬೆಳ್ಳಿ ಬಣ್ಣ ಇಣುಕುತ್ತದೆ. ಅಲ್ಲಿಗಷ್ಟೇ ಮತ್ತೆ ಆನೋಡೈಸ್ ಮಾಡುವುದು ಸುಲಭವಲ್ಲ. ಹಾಗಂತ ಕಬ್ಬಿಣದಂತೆ ತುಕ್ಕು ಹಬ್ಬುವುದೂ ಇಲ್ಲ. ಗಾಳಿ ತಗುಲಿದ ಕೂಡಲೇ ಅಲ್ಯೂಮಿನಿಯಂ ತನ್ನ ತೆಳು ಪೊರೆ ತಾನೇ ಕಟ್ಟಿಕೊಳ್ಳುತ್ತದೆ.

ಒಂದು ಮಾತ್ರ ಆಗಬಹುದು. ಆ ಆನೋಡೈಸ್ ಪದರದ ಮೂಲಕ ಕರೆಂಟ್ ಹರಿಯುವುದಿಲ್ಲ. ಅದು ಹೋದ ಕಡೆ, ಎರಡು ಪಿನ್ ಚಾರ್ಜರ್ ಹಾಕಿದ್ದಾಗ ಬೆರಳಾಡಿಸಿದರೆ ಸಣ್ಣಗೆ ಜುಮ್ ಅನ್ನಬಹುದು. ಅರ್ಥಿಂಗ್ ಇರುವ ಮೂರು ಪಿನ್ ವೈರ್ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಜುಮ್ಮಲ್ಲ, ಶಾಕೇ ಹೊಡೆಯುತ್ತಿದೆ ಅನ್ನಿಸಿದರೆ ಪ್ಲಗ್ ಕಿತ್ತು ತೋರಿಸಿ.

ಅಂದಹಾಗೆ, ನೀವು ಗೀರು ಅಂದುಕೊಂಡದ್ದು ಗೀರೇ ಆಗಿರಬೇಕೆಂದಿಲ್ಲ. ಆಕ್ಸೈಡ್ ಪದರ ಬಲು ಗಟ್ಟಿ. ಎಷ್ಟೋ ಸಲ ತಾಗಿದ ವಸ್ತುವೇ ಸವೆದು ಅದರ ಮೇಲೆ ಮೆತ್ತಿಕೊಂಡಿರುತ್ತದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಮೆತ್ತನೆ ಬಟ್ಟೆಗೆ 70 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪ ತಾಗಿಸಿ ಒರೆಸಿ ನೋಡಿ. ಹೋದರೆ ಅದೃಷ್ಟ. ಟೂತ್‌ಪೇಸ್ಟ್ ಮಾತ್ರ ಬೇಡ. ಅದರಲ್ಲಿರುವುದು ಉಜ್ಜುವ ಪುಡಿ. ಗೀರು ಹೋಗುವುದಿಲ್ಲ, ಸುತ್ತ ಇದ್ದ ಮ್ಯಾಟ್ ಮೈ ಹೋಗಿ ಅಂಗೈಯಗಲ ಹೊಳಪಿನ ಕಲೆ ಉಳಿಯುತ್ತದೆ. ಪ್ಲಾಸ್ಟಿಕ್ ಭಾಗ ಬಿರುಕು ಬಿಟ್ಟಿದ್ದರೆ ಫೆವಿಕ್ವಿಕ್ ಸುರಿಯುವುದೂ ಬೇಡ. ಅದರ ಆವಿಗೆ ಸುತ್ತ ಬಿಳಿ ಪೊರೆ ಕೂರುತ್ತದೆ, ಹಿಂಜಿನೊಳಗೆ ಹರಿದರೆ ಕಥೆ ಮುಗಿಯಿತು.

ನೆಗ್ಗಿದ ಅಂಚು ಕೈಗೆ ಚುಚ್ಚುತ್ತಿದ್ದರೆ ಅದನ್ನು ಮಾತ್ರ ಜೀರೋ ಪೇಪರಿನಲ್ಲಿ (ತೀರಾ ನಯವಾದ ಸ್ಯಾಂಡ್‌ಪೇಪರ್) ನಯ ಮಾಡಿ. ಮೊದಲು ಪೂರ್ತಿ ಆಫ್ ಮಾಡಿ, ಪೋರ್ಟ್, ಕೀಬೋರ್ಡ್ ಎಲ್ಲ ಟೇಪಿನಿಂದ ಮುಚ್ಚಿ. ಲೋಹದ ಪುಡಿ ಒಳಗೆ ಹೋದರೆ ಶಾರ್ಟ್ ಆಗಬಹುದು.

ವಾರಂಟಿ ಬಗ್ಗೆ ಒಂದು ಎಚ್ಚರಿಕೆ. ಮಾಮೂಲಿ ವಾರಂಟಿ ತಯಾರಿಕೆಯ ದೋಷಕ್ಕೆ, ಬಿದ್ದದ್ದಕ್ಕಲ್ಲ. ಸರ್ವಿಸ್ ಸೆಂಟರಿನಲ್ಲಿ ‘ಸಿಐಡಿ’ ಅಂದರೆ ಪೊಲೀಸರಲ್ಲ, ಗ್ರಾಹಕರಿಂದಲೇ ಆದ ಹಾನಿ ಅಂತ. ಆರು ತಿಂಗಳ ಮೇಲೆ ಸ್ಕ್ರೀನ್ ತಾನಾಗಿಯೇ ಕೆಟ್ಟರೂ ಆ ಮೂಲೆ ತೋರಿಸಿ ಸಿಐಡಿ ಅನ್ನಬಹುದು. ಅದಕ್ಕೇ ಇವತ್ತೇ ಎಲ್ಲ ಕೋನದಿಂದ ಫೋಟೋ ತೆಗೆಯಿರಿ, ಬಿಳಿ-ಕಪ್ಪು ಸ್ಕ್ರೀನಿನದ್ದೂ ಸೇರಿಸಿ. ಬಿದ್ದ ಮೇಲೂ ಡಿಸ್‌ಪ್ಲೇ ಚೆನ್ನಾಗಿತ್ತು ಅನ್ನಲು ಅದು ಬೇಕಾಗುತ್ತದೆ. ಬಿದ್ದು ಒಡೆದರೂ ಕವರ್ ಆಗುವ ಪ್ಲಾನ್ ಬೇರೆಯೇ ಮಾರುತ್ತಾರೆ, ಕೊಂಡ ಇಂತಿಷ್ಟು ದಿನದೊಳಗೆ ಅನ್ನುವ ಷರತ್ತು ಇರುವುದುಂಟು. ಈಗಿನ ನೆಗ್ಗು ಅದರಲ್ಲಿ ಬರುವುದಿಲ್ಲ. ಆದರೂ ಕಾಲೇಜಿಗೆ ಹೋಗುವ ಲ್ಯಾಪ್‌ಟಾಪಿಗೆ ನಾನಾದರೆ 11 ಸಾವಿರದಲ್ಲಿ ಸ್ವಲ್ಪ ಭಾಗ ಇದಕ್ಕೇ ಹಾಕುತ್ತೇನೆ. (ಡಬ್ಬ ತೆರೆದಾಗಲೇ ನೆಗ್ಗಿದ್ದರೆ ಮಾತು ಬೇರೆ. ಆಗ ರಿಪೇರಿಯಲ್ಲ, ಬದಲಿ ಕೇಳಬೇಕು, ಅದೂ ಅವತ್ತೇ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.)

ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ ಅನ್ನುತ್ತೀರಾ? ಅದು ಮೂರು ವಾರದ ಉರಿ, ಮೂರು ತಿಂಗಳಿಗೆ ಇರುವುದಿಲ್ಲ. ನಮ್ಮಲ್ಲಿ ಹೊಸ ಸ್ಟೀಲ್ ಪಾತ್ರೆ ಕೊಂಡ ಅಂಗಡಿಯಲ್ಲೇ ಮಷೀನಿನಿಂದ ಹೆಸರು ಕೆತ್ತಿಸಿಕೊಂಡು ಬರುತ್ತೇವೆ. ಅದೂ ಗೀರೇ ಅಲ್ವಾ? ಒಂದು ವಿನೈಲ್ ಸ್ಕಿನ್ನೋ, ಮಗಳಿಗೆ ಇಷ್ಟದ ಸ್ಟಿಕ್ಕರೋ ಅಂಟಿಸಲಿ. ಗಾಳಿ ಹೋಗುವ ಕಿಂಡಿ ಮುಚ್ಚದಿದ್ದರೆ ಸಾಕು.

ಮತ್ತೆ, ಆ ಚಾರ್ಜರ್ ವೈರು ಈಗಲೂ ಮಂಚಕ್ಕೆ ಅಡ್ಡವಾಗಿಯೇ ಓಡುತ್ತಿದೆಯಾ? ಮೊದಲು ಅದನ್ನು ಗೋಡೆ ಕಡೆಯಿಂದ ತನ್ನಿ.